ಹತ್ತೊಂಬತ್ತನೆಯ ತಾರೀಖಿನ ಕೆಂಪು

ಸೆಪ್ಟೆಂಬರ್ ೮, ಶನಿವಾರ

ಪ್ರೀತಿಯ ದೊರೆಸಾನಿ,

ನಿನ್ನ ಕಾಗದ ಬಂದು ಮೂರು ವಾರ ದಾಟಿತು. ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸು. ನಿನ್ನ ಮಂಡಿನೋವು ಇಳಿದಿದೆಯೆಂದು ತಿಳಿದು ಸಮಾಧಾನವಾಯಿತು. ನಿಮ್ಮ ಮನೆಯವರ ಕಣ್ಣಿನ ಪೊರೆ ತೆಗೆಸಿದ್ದೂ ಒಳ್ಳೆಯದೇ. ಇನ್ನಾದರೂ ನಿನ್ನ ಮುಖ ಸರಿಯಾಗಿ ಕಂಡು ಸ್ವಲ್ಪ ಹೆದರಿಕೊಳ್ಳಲಿ. ನಾನೂ ಅತ್ತಿಗೆಯೂ ಆರೋಗ್ಯವಾಗಿದ್ದೇವೆ. ಅಣ್ಣ ಹೋದಮೇಲೆ ಈ ಮನೆಯಲ್ಲಿ ನಾವಿಬ್ಬರೇ ಅಲ್ಲವೆ, ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಗಡಿಯಾರವಿದ್ದ ಹಾಗೆ.

ನಾನು ಫೋನು ಎತ್ತುವುದಿಲ್ಲ ಎಂದು ಬೈದಿದ್ದೀಯ. ‘ಸತ್ತಿದ್ದೀಯೋ ಬದುಕಿದ್ದೀಯೋ, ಒಂದು ಸಾಲು ಗೀಚು’ ಎಂದಿದ್ದೀಯ. ಫೋನಿನಲ್ಲಿ ನಿನ್ನ ಮಾತಿನ ಮಧ್ಯೆ ನನ್ನ ಮಾತು ತೂರಿಸುವುದು ನನಗೆ ಯಾವತ್ತೂ ಆಗಿಲ್ಲ. ಕಾಗದದಲ್ಲಾದರೆ ನೀನು ಅಡ್ಡ ಬಾಯಿ ಹಾಕಲಾರೆ.

ನಿನ್ನ ಕಾಗದದ ಕೊನೆಯ ಪ್ಯಾರಾವನ್ನು ಎಷ್ಟು ಸಲ ಓದಿದೆನೆಂದರೆ ಈಗ ನೋಡದೆಯೇ ಬರೆಯಬಲ್ಲೆ. ‘ಆ ಕ್ಯಾಲೆಂಡರಿನ ಎಡವಟ್ಟು ಮಾಡಿದವರನ್ನು ಕೆಲಸದಿಂದ ತೆಗೆದಿದ್ದೇವೆ ಅಂತ ನಿಮ್ಮ ಪ್ರೆಸ್ಸಿನ ಯಜಮಾನರು ಬರೆದಿದ್ದರು. ಒಳ್ಳೆಯದಾಯಿತು. ಅಂಥವರನ್ನು ಇಟ್ಟುಕೊಂಡರೆ ನಿನ್ನಂಥವಳ ಹೆಸರೂ ಕೆಡುತ್ತೆ. ಮುಂದಿನ ವರ್ಷದ್ದನ್ನು ಖುದ್ದಾಗಿ ನೀನೇ ನೋಡಿಕೊಳ್ಳಬೇಕು, ತಿಳೀತಾ?’

ತಿಳಿಯಿತು. ಆದರೆ ಆಗುವುದಿಲ್ಲ ಕಣೇ. ತೆಗೆದದ್ದು ನನ್ನನ್ನೇ.

ಗಾಬರಿಯಾಗಬೇಡ. ಊಟಕ್ಕೆ ತೊಂದರೆಯಿಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು ಕೂರುತ್ತೇನೆ. ಆಮೇಲೆ ಹೋಗುವುದಕ್ಕೆ ಎಲ್ಲಿಯೂ ಇಲ್ಲ ಎಂದು ನೆನಪಾಗುತ್ತದೆ. ಕರಡು ತಿದ್ದುವ ಕಣ್ಣು ಸುಮ್ಮನಿರುವುದಿಲ್ಲ. ಸಾಬೂನಿನ ಪೊಟ್ಟಣ, ಮಾತ್ರೆಯ ಚೀಟಿ, ವಿದ್ಯುತ್ ಇಲಾಖೆಯ ನೋಟೀಸು ಎಲ್ಲವನ್ನೂ ಪೆನ್ಸಿಲು ಹಿಡಿದು ತಿದ್ದಿಡುತ್ತೇನೆ. ನಿನ್ನೆ ಅತ್ತಿಗೆ, ‘ಅಲ್ಲಮ್ಮಾ, ಆ ಸಾಬೂನಿನವನಿಗೆ ಯಾರು ಹೇಳೋರು ನೀನು ತಿದ್ದಿದ್ದೀಯ ಅಂತ?’ ಎಂದು ಕೇಳಿದರು. ‘ಅವನಿಗೆ ಯಾಕೆ ಹೇಳಬೇಕು, ತಪ್ಪು ಹೋದರೆ ಸಾಕು’ ಎಂದೆ. ‘ಹಾಗೇ ಅನ್ಕೊಂಡು ಕೂತ್ಕೋ’ ಎಂದು ಒಳಗೆ ಹೋದರು.

ಆ ಕ್ಯಾಲೆಂಡರಿನಲ್ಲಿ ಕೆಂಪಗಿದ್ದ ಜುಲೈ ಹತ್ತೊಂಬತ್ತು ಎಂದರೆ ಏನೆಂದು ನಿನಗೆ ಮರೆತುಹೋಗಿದೆ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ಗೊತ್ತಿದ್ದವಳಿಗೆ ಗೊತ್ತಿದ್ದದ್ದನ್ನೇ ಹೇಳುವ ಹಾಗೆ ಅನ್ನಿಸಿದರೆ ಸಂತೋಷವೇ.

ಎಂ.ಎ. ಎರಡನೆಯ ವರ್ಷ. ಹಾಸ್ಟೆಲಿನ ಹದಿನಾಲ್ಕನೆಯ ನಂಬರಿನ ಕೋಣೆ. ಬೆಳಿಗ್ಗೆ ವಾರ್ಡನ್ ಒಂದು ಚೀಟಿ ತಂದುಕೊಟ್ಟರು: ‘೭.೪೦. ಮನೆಯಿಂದ ಫೋನು. ತಾಯಿಗೆ ಹುಷಾರಿಲ್ಲ, ಹೊರಟು ಬಾ.’ ಅಂಥದೇ ಚೀಟಿ ಅದಕ್ಕೂ ಮೊದಲು ಎರಡು ಸಲ ಬಂದಿತ್ತು. ಮೊದಲ ಸಲ ಎದ್ದುಬಿದ್ದು ಓಡಿದರೆ ಅಮ್ಮ ಬಾಗಿಲಲ್ಲೇ ಗಟ್ಟಿಮುಟ್ಟಾಗಿ ನಿಂತಿದ್ದಳು. ಅತ್ತಿಗೆ ತವರಿಗೆ ಹೋಗಿದ್ದರು, ಅಣ್ಣನ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಎರಡನೆಯ ಸಲ ಮನೆ ಬದಲಾಯಿಸುತ್ತಿದ್ದರು, ಪಾತ್ರೆ ಗಂಟು ಕಟ್ಟಲು ಒಬ್ಬರು ಬೇಕಿತ್ತು. ಮಗಳು ಓದುತ್ತಿದ್ದಾಳೆ ಎಂದರೆ ಕೈ ಖಾಲಿಯಿದೆ ಎಂದೇ ಅಪ್ಪನಿಗೆ ಅರ್ಥ. ಅಮ್ಮ ಪಿಸುಮಾತಿನಲ್ಲಿ, ‘ಬೇಜಾರು ಮಾಡ್ಕೋಬೇಡ, ನಿಮ್ಮಪ್ಪ ಹಾಗೆ’ ಎನ್ನುತ್ತಿದ್ದಳು.

ಮೂರನೆಯ ಚೀಟಿ ಹಿಡಿದು ಮಂಚದ ಮೇಲೆ ಕೂತಿದ್ದೆ. ಬ್ಯಾಗಿಗೆ ಎರಡು ಸೀರೆ ತುಂಬಿಯಾಗಿತ್ತು. ನೀನು ತಲೆಗೆ ಟವಲು ಸುತ್ತಿಕೊಂಡು ಬಂದೆ, ಚೀಟಿ ಕಿತ್ತುಕೊಂಡು ಓದಿದೆ.

‘ಮತ್ತೆ ಹುಷಾರಿಲ್ವಂತಾ? ಈ ಸಲ ಏನು ತೊಳೆಯೋಕಿದೆಯಂತೆ?’

‘ನಿಜವಾಗಿದ್ದರೆ?’

‘ನಿಜವಾಗಿದ್ದರೆ ನಾಳೆ ಹೋಗು. ಒಂದು ದಿನದಲ್ಲಿ ಯಾರಿಗೂ ಏನೂ ಆಗಲ್ಲ. ಇವತ್ತು ರಜೆ.’

‘ಯಾತರ ರಜೆ?’

‘ಸುಮ್ಮನೆ.’

‘ಸುಮ್ಮನೆ ಯಾರಾದರೂ ರಜೆ ಕೊಡ್ತಾರೇನೇ?’

‘ಯಾರೂ ಕೊಡಲ್ಲ, ಅದಕ್ಕೇ ನಾವೇ ತಗೋಬೇಕು. ಎಲ್ಲರ ಹಬ್ಬಕ್ಕೂ ನಾವು ಕೆಲಸ ಮಾಡ್ತೀವಿ. ನಮ್ಮದು ಅಂತ ಒಂದು ಬೇಡವಾ? ಏಳು ಅಲ್ಪವಿರಾಮ, ಎದ್ದೇಳು!’

ಮಾತಿನ ನಡುವೆ ನಾನು ನಿಂತುನಿಂತು ಹೋಗುತ್ತೇನೆಂದು ನೀನಿಟ್ಟ ಹೆಸರು ಅದು. ಆಮೇಲೆ ನನ್ನ ಹೊಟ್ಟೆಪಾಡೇ ಅಲ್ಪವಿರಾಮಗಳಿಂದ ನಡೆಯಿತು, ನೋಡು.

ಹಾಗೆ ಹುಟ್ಟಿದ್ದು ನಮ್ಮ ‘ಸುಮ್ಮನೆ ಹಬ್ಬ’. ಅದರ ಕಟ್ಟಳೆಗಳನ್ನೂ ನೀನೇ ಆವತ್ತು ಬಸ್ ಸ್ಟಾಪಿನಲ್ಲಿ ನಿಂತು ಬೆರಳು ಮಡಚಿ ಹೇಳಿದೆ. ಹಾಸ್ಟೆಲಿನ ಎದುರಿಗೆ ಮೊದಲು ಬಂದ ಬಸ್ಸು ಹತ್ತಬೇಕು, ಅದು ಎಲ್ಲಿ ತಿರುಗುತ್ತದೋ ಅಲ್ಲಿ ಇಳಿಯಬೇಕು. ಕೈಗಡಿಯಾರ ಕಟ್ಟಬಾರದು. ಯಾಕೆ, ಏನು ಎಂದು ಯಾರಿಗೂ ಹೇಳಬಾರದು. ಒಬ್ಬೊಬ್ಬರು ಒಂದು ಕವಿತೆ ಓದಬೇಕು. ಉಪಯೋಗಕ್ಕೆ ಬಾರದ ಒಂದು ವಸ್ತು ಕೊಳ್ಳಬೇಕು. ಆ ವರ್ಷ ಕೊನೆಯ ಸ್ಟಾಪಿನಲ್ಲಿ ಬೀಗ ರಿಪೇರಿಯವನ ಹತ್ತಿರ ಬೀಗವಿಲ್ಲದ ಒಂದು ಕೀಲಿಕೈ ಕೊಂಡೆವು. ಮೊಟ್ಟೆ ಬೇಯಿಸಿ ತಂದಿದ್ದೆವು, ಬ್ರೆಡ್ಡು ಇತ್ತು, ಕಿತ್ತಳೆ ಇತ್ತು. ಹುಲ್ಲಿನ ಮೇಲೆ ಅಂಗಾತ ಮಲಗಿ ನೀನು ಕವಿತೆ ಓದುವಾಗ ನಿನ್ನ ಬಾಯಿಗೆ ಇರುವೆ ಹೋಗಿ ಕವಿ ಅಲ್ಲಿಗೇ ನಿಂತ. ನಾನು ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡೆ.

ಮರುದಿನ ಬೆಳಗಿನ ಬಸ್ಸಿಗೆ ಊರಿಗೆ ಹೋದೆ. ಚೀಟಿ ಆ ಸಲ ನಿಜವಾಗಿತ್ತು. ನಾನು ಹೋದಮೇಲೆ ಅಮ್ಮ ಮೂರು ದಿನ ಇದ್ದಳು, ಕೈ ಹಿಡಿದುಕೊಂಡು ಮಾತಾಡಿದಳು ಎಂದು ಬಂದು ನಿನಗೆ ಹೇಳಿದೆ. ನೀನು ನನ್ನ ತಲೆ ನಿನ್ನ ಭುಜಕ್ಕೆ ಒತ್ತಿಕೊಂಡು, ‘ಸದ್ಯ, ಸಿಕ್ಕಿದರಲ್ಲ. ಮಾತಾಡಿದರಲ್ಲ’ ಎಂದೆ. ಮುಂದಿನ ಜುಲೈ ಬಂದಾಗ ನೀನು ಅನುಮಾನಿಸಿದೆ: ‘ನಿಮ್ಮಮ್ಮ ಹೋದ ವಾರವೇ ಅಲ್ವೇನೇ, ಈ ವರ್ಷ ಬೇಡವಾ?’ ಬೇಕು ಎಂದವಳು ನಾನು.

ಆಮೇಲೆ ಒಂಬತ್ತು ವರ್ಷ ಒಂದೂ ತಪ್ಪಲಿಲ್ಲ. ನಿನಗೆ ಮದುವೆಯಾದ ವರ್ಷವೂ ಅಮ್ಮನ ಮನೆಗೆ ಹೋಗುತ್ತೇನೆಂದು ಸುಳ್ಳು ಹೇಳಿ ಬಂದೆ. ನಾನು ಪ್ರೆಸ್ಸಿನಲ್ಲಿ ಹಲ್ಲುನೋವು ಎಂದೆ. ಪ್ರತಿವರ್ಷ ಜುಲೈನಲ್ಲಿ ನನ್ನ ಒಂದು ಹಲ್ಲು ನೋಯುತ್ತಿತ್ತು. ನಿನಗೆ ವರ್ಗವಾಗಿ ಬೇರೆ ಊರಿಗೆ ಹೋದಮೇಲೆ ಹಬ್ಬ ಫೋನಿಗೆ ಇಳಿಯಿತು: ನೀನು ಅಲ್ಲಿ ಬಸ್ಸಿನಲ್ಲಿ, ನಾನು ಇಲ್ಲಿ ಬಸ್ಸಿನಲ್ಲಿ. ಆಮೇಲೆ ನೀನು ಶಾಲೆಯಲ್ಲೇ, ನಾನು ಬಸ್ಸಿನಲ್ಲಿ. ಆಮೇಲೆ ಒಂದು ಹೂವಿನ ಚಿತ್ರದ ಸಂದೇಶ. ಕಡೆಯ ನಾಲ್ಕು ವರ್ಷ ಅದೂ ಇಲ್ಲ. ಕೆಲಸ, ಮನೆ, ಮಂಡಿ, ನನಗೆ ಅರ್ಥವಾಗುತ್ತದೆ. ನಾನೇ ಬಾಯಿಬಿಟ್ಟು ನೆನಪಿಸಬಹುದಿತ್ತು ಎನ್ನುತ್ತೀಯ. ನೆನಪಿಸಿ ಮಾಡಿಸಿದರೆ ಅದು ಕೆಲಸವಾಗುತ್ತದೆ. ನಾನು ಒಬ್ಬಳೇ ಬಸ್ಸು ಹತ್ತಿ ಹೋಗಿಬರುತ್ತಿದ್ದೆ. ನಾನು ಹೊರಡುವಾಗ ಅತ್ತಿಗೆ ಪ್ರತಿವರ್ಷವೂ ಗೋಡೆಯ ಮೇಲಿನ ಅಮ್ಮನ ಫೋಟೋ ಇಳಿಸಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿರುತ್ತಾರೆ. ಬುತ್ತಿ ಕೈಗೆ ಕೊಡುತ್ತಾ ಒಮ್ಮೆ, ‘ನಿನ್ನಷ್ಟು ಗಟ್ಟಿ ಎದೆ ನನಗಿಲ್ಲಮ್ಮ’ ಎಂದಿದ್ದರು.

ಈಗ ಕೆಂಪಿನ ವಿಷಯ.

ಕ್ಯಾಲೆಂಡರಿಗೆ ಎರಡು ಬಣ್ಣ, ಎರಡು ಪ್ಲೇಟು. ಕರಡಿನಲ್ಲಿ ನಾನು ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿದ ಅಂಕಿ ಕೆಂಪು ಪ್ಲೇಟಿಗೆ ಹೋಗುತ್ತದೆ. ಯಾಕೆ ಎಂದು ಪ್ರೆಸ್ಸಿನಲ್ಲಿ ಯಾರೂ ಕೇಳುವುದಿಲ್ಲ. ಇಪ್ಪತ್ತೊಂದು ವರ್ಷ ಊರ ಜನರಿಗೆಲ್ಲ ರಜೆ ಹಂಚಿದವಳು ನಾನು. ಪ್ರತಿ ಡಿಸೆಂಬರಿನಲ್ಲಿ ಒಂದು ರದ್ದಿ ಹಾಳೆ ತೆಗೆದುಕೊಂಡು ಜುಲೈ ಹತ್ತೊಂಬತ್ತಕ್ಕೆ ಒಂದು ಸುತ್ತು ಹಾಕಿ ನಿನಗೆ ಅಂಚೆಯಲ್ಲಿ ಕಳಿಸುತ್ತಿದ್ದೆ. ಹೋದ ವರ್ಷ ನೀನು, ‘ಆ ರದ್ದಿ ಯಾಕೆ ಕಳಿಸ್ತೀಯೇ, ಸುರುಳಿ ಸುತ್ಕೊಂಡು ಗೋಡೆ ಮೇಲೆ ನಿಲ್ಲಲ್ಲ. ಒಳ್ಳೆಯದು ಕಳಿಸು’ ಎಂದಿದ್ದೆ. ಆಮೇಲೆ ನಿಮ್ಮ ಶಾಲೆಯ ಕ್ಯಾಲೆಂಡರಿನ ಕೆಲಸವನ್ನೇ ನಮ್ಮ ಪ್ರೆಸ್ಸಿಗೆ ಕೊಟ್ಟೆ. ಒಂಬೈನೂರು ಮಕ್ಕಳು, ಮನೆಗೊಂದು. ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ನಿನ್ನ ಹೆಸರಿನ ಮುಂದಿನ ‘ಮುಖ್ಯೋಪಾಧ್ಯಾಯಿನಿ’ಯ ಒಂದೊಂದು ಒತ್ತನ್ನೂ ಭೂತಗನ್ನಡಿಯಲ್ಲಿ ನೋಡಿದೆ.

ಅದರ ಮೊದಲ ಕರಡು ಮೇಜಿನ ಮೇಲಿತ್ತು. ರೂಢಿಯಂತೆ ರದ್ದಿಯ ಪ್ರತಿಗೆ ನಮ್ಮ ಸುತ್ತು ಹಾಕಿದೆ. ಒಂದು ಲೋಟ ನೀರು ಕುಡಿದು ಬರುವಷ್ಟರಲ್ಲಿ ಪುಟ ಕಟ್ಟುವಾಕೆ ಬಂದು, ಮೇಲಿದ್ದ ಹಾಳೆಯೇ ತಿದ್ದಿದ್ದು ಎಂದುಕೊಂಡು ಒಯ್ದಿದ್ದಳು. ಮರುದಿನ ಎರಡನೆಯ ಕರಡು ಬಂತು. ಜುಲೈ ತಿಂಗಳಲ್ಲಿ, ಭಾನುವಾರಗಳ ನಡುವೆ, ಗುರುವಾರದ ಮನೆಯಲ್ಲಿ ಹತ್ತೊಂಬತ್ತು ಕೆಂಪಗೆ ಕೂತಿತ್ತು. ಒಂದೇ ಒಂದು ಗೀಟು ಎಳೆದಿದ್ದರೆ ಕಪ್ಪಾಗುತ್ತಿತ್ತು. ಪೆನ್ಸಿಲು ಎತ್ತಿದೆ, ನಿಜ. ಆದರೆ ಈ ಹಾಳೆ ಹೇಗೂ ಒಪ್ಪಿಗೆಗೆ ನಿನ್ನ ಹತ್ತಿರ ಬರುವುದಲ್ಲವೆ. ನೋಡಲಿ, ನೋಡಿ ನಗಲಿ, ಬೈದು ಹೊಡೆದು ಹಾಕಲಿ, ಅದೂ ಒಂದು ಉತ್ತರವೇ ಎಂದುಕೊಂಡೆ. ಹಾಗೇ ಬಿಟ್ಟು ಕಳಿಸಿದೆ.

ನಾಲ್ಕು ದಿನಕ್ಕೆ ವಾಪಸು ಬಂತು. ಕೆಳಗೆ ನಿನ್ನ ಮೊಹರು, ತಾರೀಖು, ಸಹಿ. ಸಹಿಯ ಮೇಲೆ ನಿನ್ನದೇ ದುಂಡಗಿನ ಅಕ್ಷರದಲ್ಲಿ: ‘ಸರಿಯಿದೆ.’

ಆ ಒಂದು ಪದವನ್ನು ನಾನು ಹೇಗೆ ಓದಿದೆನೆಂದು ಈಗ ಬರೆಯಲು ನಾಚಿಕೆಯಾಗುತ್ತದೆ. ನಾನು ಕೇಳಿದೆ, ನೀನು ಉತ್ತರ ಕೊಟ್ಟೆ ಎಂದುಕೊಂಡೆ. ದೊರೆಸಾನಿ ತನ್ನ ಒಂಬೈನೂರು ಮಕ್ಕಳಿಗೂ ನಮ್ಮ ಹಬ್ಬಕ್ಕೆ ರಜೆ ಕೊಟ್ಟಳು, ಅವಳ ಧೈರ್ಯವೇ ಧೈರ್ಯ ಎಂದುಕೊಂಡೆ. ಒಬ್ಬ ಮುಖ್ಯೋಪಾಧ್ಯಾಯಿನಿಗೆ ವರ್ಷದಲ್ಲಿ ಒಂದು ದಿನ ರಜೆ ಕೊಡುವ ಅಧಿಕಾರ ಇರಬಹುದು ಎಂದು ನಾನೇ ಕಾನೂನು ಮಾಡಿಕೊಂಡೆ. ಫೋನು ಮಾಡಿ ಕೇಳಬಹುದಿತ್ತು. ಕೇಳಲಿಲ್ಲ, ಕಟ್ಟಳೆ ಇತ್ತಲ್ಲ, ಯಾಕೆ ಏನು ಎಂದು ಹೇಳಬಾರದು. ನೀನೂ ಅದಕ್ಕೇ ಬಾಯಿಬಿಡುತ್ತಿಲ್ಲ ಎಂದುಕೊಂಡೆ.

ಅಚ್ಚಿನ ದಿನ ಮಶೀನಿನ ಮಾಮ ಹಾಳೆ ಹಿಡಿದುಕೊಂಡು ಬಂದರು. ಮೂವತ್ತು ವರ್ಷದಿಂದ ಮಶೀನು ಓಡಿಸುವವರು, ಉಗುರಿನ ಸಂದಿಯ ಇಂಕು ಇನ್ನು ಅವರ ಜೊತೆಗೇ ಹೋಗುವುದು.

‘ಮೇಡಂ, ಜುಲೈ ಹತ್ತೊಂಬತ್ತು ಕೆಂಪಾ?’

‘ಹೌದು ಮಾಮ.’

‘ಬೇರೆ ಯಾವ ಕ್ಯಾಲೆಂಡರಿನಲ್ಲೂ ಇಲ್ವಲ್ಲ. ಯಾರ ಹಬ್ಬ?’

‘ನಂದೇ.’

ಅವರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. ‘ಇಷ್ಟು ವರ್ಷಕ್ಕೆ ಒಂದು ಹಬ್ಬ ಮಾಡ್ಕೊಂಡಿದ್ದೀರಿ. ತಗೊಳ್ಳಿ, ಇನ್ನೊಂದು ಹನಿ ಇಂಕು ಜಾಸ್ತಿ ಹಾಕ್ತೀನಿ’ ಎಂದರು.

ಡಿಸೆಂಬರಿನಿಂದ ಜುಲೈವರೆಗೆ ಏಳು ತಿಂಗಳು ನಾನು ಸುಖವಾಗಿದ್ದೆ, ದೊರೆಸಾನಿ. ನಲವತ್ತೆಂಟರ ಹೆಂಗಸು, ಕ್ಯಾಲೆಂಡರಿನ ಹಾಳೆ ಎತ್ತಿ ಎತ್ತಿ ಜುಲೈ ನೋಡುತ್ತಿದ್ದೆ ಎಂದರೆ ನೀನು ನಗುತ್ತೀಯ. ನಗು.

ಹತ್ತೊಂಬತ್ತರ ಬೆಳಿಗ್ಗೆ ಮೊಟ್ಟೆ ಬೇಯಿಸಿದೆ, ನಾಲ್ಕು. ಕಿತ್ತಳೆ ನಾಲ್ಕು. ಹಳೆಯ ಹಾಸ್ಟೆಲಿನ ಎದುರಿನ ಸ್ಟಾಪಿಗೆ ಒಂಬತ್ತಕ್ಕೇ ಹೋಗಿ ಕೂತೆ. ಹಾಸ್ಟೆಲು ಈಗ ಪ್ಯಾಥಾಲಜಿ ಲ್ಯಾಬು. ನಮ್ಮ ಹದಿನಾಲ್ಕರ ಕಿಟಕಿಗೆ ಹವಾನಿಯಂತ್ರಣದ ಡಬ್ಬಿ ನೇತುಹಾಕಿದ್ದಾರೆ. ನೀನು ಬರುತ್ತೀಯ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಎರಡು ಗಂಟೆಯ ದಾರಿ, ಆರಕ್ಕೆ ಹೊರಟರೆ ಎಂಟು, ತಡವಾದರೆ ಹತ್ತು. ಬಸ್ಸುಗಳು ಬಂದವು, ಹೋದವು. ಕೈಗಡಿಯಾರ ಕಟ್ಟಿರಲಿಲ್ಲ, ಬಸ್ಸಿನವರನ್ನು ಟೈಮು ಕೇಳುತ್ತಿದ್ದೆ. ಹನ್ನೊಂದೂವರೆಗೆ ನಿನ್ನ ಫೋನು ಬಂತು. ನಿನ್ನ ಹೆಸರು ನೋಡಿ ನಾನು ಎದ್ದೇ ನಿಂತೆ, ನೀನು ಯಾವುದೋ ಬಸ್ಸಿನ ಕಿಟಕಿಯಿಂದ ಕೈ ಬೀಸುತ್ತಿರಬಹುದು ಎಂದು.

‘ಲೇ, ನಿಮ್ಮ ಪ್ರೆಸ್ಸಿನವರಿಗೆ ತಲೆ ನೆಟ್ಟಗಿದೆಯಾ?’

‘ಏನಾಯ್ತೇ?’

‘ಏನಾಯ್ತಾ? ಹೇಳದೆ ಕೇಳದೆ ತಪಾಸಣೆಯವರು ಬಂದು ಕೂತಿದ್ದಾರೆ, ನಾನೂರು ಮಕ್ಕಳು ನಾಪತ್ತೆ! ಐದು ಜನ ಟೀಚರುಗಳೂ ಬಂದಿಲ್ಲ. ಫೋನು ಮಾಡಿದರೆ, ಕ್ಯಾಲೆಂಡರಿನಲ್ಲಿ ರಜೆ ಇದೆಯಲ್ಲ ಮೇಡಂ ಅಂತಾರೆ. ಎರಡು ದಿನ ಮೀಟಿಂಗು ಅಂತ ಹೋಗಿ ಬರೋದರೊಳಗೆ ನನ್ನ ಮಾನ ಹರಾಜು. ಯಾವುದರ ರಜೆ ಅಂತಲಾದರೂ ಹಾಕಿದ್ದಾರಾ? ಅದೂ ಇಲ್ಲ. ಸುಮ್ಮನೆ ಕೆಂಪು! ಸುಮ್ಮನೆ!’

ಆ ಮಾತು ನಿನ್ನ ಬಾಯಲ್ಲೇ ಬಂತು, ಎರಡು ಸಲ. ನಾನು ಕಾದೆ. ಈಗ ನಿಲ್ಲುತ್ತಾಳೆ, ಈಗ ‘ಅಯ್ಯೋ’ ಎನ್ನುತ್ತಾಳೆ, ಈಗ ನಗುತ್ತಾಳೆ. ನಾನು ಬೇಕೆಂದೇ ಕೇಳಿದೆ: ‘ಇವತ್ತು ಎಷ್ಟನೇ ತಾರೀಖು?’

‘ಹತ್ತೊಂಬತ್ತು. ಯಾಕೆ, ನಿನಗೂ ತಲೆ ಕೆಟ್ಟಿದೆಯಾ? ಇರು, ಸಾಹೇಬರು ಕರೀತಿದ್ದಾರೆ. ನಿಮ್ಮ ಯಜಮಾನರಿಗೆ ನಾನು ಬರೀತೀನಿ, ಬಿಡಲ್ಲ.’

ನಾನು ಮೊದಲು ಬಂದ ಬಸ್ಸು ಹತ್ತಲಿಲ್ಲ. ಅಲ್ಲೇ ಕೂತು ಒಂದು ಮೊಟ್ಟೆ ಸುಲಿದೆ, ತಿನ್ನಲಿಲ್ಲ. ಮನೆಗೆ ಬಂದೆ.

ನೀನು ಬಿಡುವವಳಲ್ಲ. ಶಾಲೆಯ ತಲೆಬರಹದ ಹಾಳೆಯಲ್ಲಿ ನಿನ್ನ ಕಾಗದ ಬಂತು: ‘ಸಂಬಂಧಪಟ್ಟವರ ಮೇಲೆ ಕಠಿಣ ಕ್ರಮ ಕೈಗೊಂಡು ತಿಳಿಸುವುದು.’ ಯಜಮಾನರು ನನ್ನನ್ನು ಕರೆದರು. ಮಾಮ ಆಗಲೇ ಅಲ್ಲಿ ನಿಂತಿದ್ದರು, ಕೈ ಒರೆಸುವ ಬಟ್ಟೆ ಹಿಂಡುತ್ತಾ.

‘ನಿಮ್ಮ ಕಣ್ಣು ತಪ್ಪೋದಿಲ್ಲ ಮೇಡಂ, ನನಗೆ ಗೊತ್ತು. ಇದು ಇವನ ಪ್ಲೇಟಿನ ಅಧ್ವಾನ. ವಯಸ್ಸಾಯ್ತು, ಮನೆಗೆ ಕಳಿಸಿಬಿಡ್ತೀನಿ’ ಎಂದರು ಯಜಮಾನರು.

ಮಾಮ ನನ್ನ ಕಡೆ ನೋಡಲೂ ಇಲ್ಲ. ‘ನನ್ನದೇ ಇರಬಹುದು ಸಾರ್’ ಎಂದರು. ಒಂದು ಹನಿ ಇಂಕು ಜಾಸ್ತಿ ಹಾಕಿದ ಮನುಷ್ಯ.

‘ಒಪ್ಪಿಗೆಯ ಹಾಳೆ ತನ್ನಿ, ನೋಡೋಣ. ಅದರಲ್ಲೇ ಕೆಂಪಿದ್ದು ಆ ಹೆಡ್‌ಮೇಡಂ ಸಹಿ ಮಾಡಿದ್ದರೆ ನಾವು ಗೆದ್ದ ಹಾಗೆ. ಅವರ ಆಡಳಿತ ಮಂಡಳಿಗೇ ಕಳಿಸ್ತೀನಿ. ಸಾಹೇಬರ ಎದುರಿಗೆ ಅವರೇ ಉತ್ತರ ಕೊಟ್ಕೊಳ್ಳಲಿ’ ಎಂದರು ಯಜಮಾನರು.

ಫೈಲು ನನ್ನ ಬೀರುವಿನಲ್ಲಿತ್ತು. ಹೋಗಿ ತೆಗೆದೆ. ನಿನ್ನ ಮೊಹರು, ನಿನ್ನ ‘ಸರಿಯಿದೆ’, ಅದರ ಮೇಲೆ ಕೆಂಪಗೆ ಹತ್ತೊಂಬತ್ತು. ನೋಡದೆ ಹಾಕಿದ ಸಹಿಗೆ ನೋಡಿ ಹಾಕಿದ ಸಹಿಗಿಂತ ಅಂದ ಜಾಸ್ತಿ, ಗೊತ್ತೇ? ಒಂದು ಅಕ್ಷರವೂ ಅನುಮಾನಿಸಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಚಿ ನನ್ನ ಚೀಲಕ್ಕೆ ಹಾಕಿಕೊಂಡೆ. ವಾಪಸು ಹೋಗಿ ಹೇಳಿದೆ: ‘ಹಾಳೆ ಇಲ್ಲ. ಅವರು ಸಹಿ ಮಾಡಿದ್ದು ಸರಿಯಾದ ಹಾಳೆಗೇ. ಆಮೇಲೆ ಕೆಂಪು ಮಾಡಿದ್ದು ನಾನು. ಮಾಮನದು ಏನೂ ತಪ್ಪಿಲ್ಲ.’

ಯಜಮಾನರು ನಿನ್ನ ದೂರಿನ ಕಾಗದವನ್ನು ಮೇಜಿನ ಮೇಲಿಟ್ಟರು. ‘ಯಾಕೆ ಮೇಡಂ?’

ನಿನ್ನ ಉತ್ತರವನ್ನೇ ಕೊಟ್ಟೆ. ‘ಸುಮ್ಮನೆ.’

ಅವರಿಗೆ ಕೋಪಕ್ಕಿಂತ ಅವಮಾನವಾಯಿತು. ಇಪ್ಪತ್ತೊಂದು ವರ್ಷ ನಂಬಿದ ಕಣ್ಣು ಬೇಕೆಂದೇ ಕುರುಡಾಯಿತು ಎಂದರೆ ಯಾರಿಗಾದರೂ ಆಗುವುದೇ. ನನ್ನ ಭೂತಗನ್ನಡಿಯನ್ನು ಮೇಜಿನ ಮೇಲೇ ಬಿಟ್ಟು ಬಂದೆ, ಅದು ಪ್ರೆಸ್ಸಿನದು. ಕೆಂಪು ಪೆನ್ಸಿಲು ಮಾತ್ರ ಹೇಗೋ ಚೀಲದಲ್ಲೇ ಬಂದಿದೆ. ಮಾಮ ಗೇಟಿನ ತನಕ ಬಂದರು. ಕಡೆಗೆ, ‘ಹಬ್ಬ ಚೆನ್ನಾಗಾಯ್ತಾ ಮೇಡಂ?’ ಎಂದರು. ಅವರಿಗೆ ನಿಜವಾಗಿ ತಿಳಿಯಬೇಕಿತ್ತು. ‘ಆಯ್ತು ಮಾಮ’ ಎಂದೆ.

ನಿನ್ನ ಸಹಿಯಿರುವ ಹಾಳೆ ನನ್ನ ಹತ್ತಿರವೇ ಇದೆ, ಹೆದರಬೇಡ. ಅದನ್ನು ಯಾರಿಗೂ ತೋರಿಸುವವಳಲ್ಲ. ಈ ವರ್ಷದ ಹಬ್ಬಕ್ಕೆ ಉಪಯೋಗಕ್ಕೆ ಬಾರದ ವಸ್ತು ಬೇಕಿತ್ತಲ್ಲ, ಅದೇ ಎಂದುಕೊಂಡಿದ್ದೇನೆ.

ನಿನ್ನ ಮೇಲೆ ಕೋಪವೇ ಎಂದು ಕೇಳಬಹುದು. ಇದೆ. ಬಹಳ ಇದೆ. ನೀನು ಸಹಿ ಹಾಕಿದ್ದಕ್ಕಲ್ಲ, ಯಜಮಾನರಿಗೆ ಬರೆದದ್ದಕ್ಕೂ ಅಲ್ಲ. ನೀನು ಕಟ್ಟಿದ ಮನೆಯಲ್ಲಿ ನನ್ನನ್ನು ಕೂರಿಸಿ, ಇಂಥದೊಂದು ಮನೆ ಕಟ್ಟಿದ್ದೆ ಎಂಬುದನ್ನೇ ಮರೆತು ಹೋದದ್ದಕ್ಕೆ. ಕವಿತೆಗಳನ್ನು ಇಷ್ಟು ವರ್ಷ ಓದಿದ್ದೇನೆ. ಮರೆವು ಒಂದು ಕರುಣೆ ಎಂಬಂಥ ಸಾಲುಗಳಿಗೆ ಅಂಚಿನಲ್ಲಿ ಗೀಟು ಹಾಕಿಕೊಂಡಿದ್ದೇನೆ. ಈಗ ಆ ಪುಸ್ತಕಗಳನ್ನು ತೆಗೆದು ಒಂದೊಂದಾಗಿ ಗೀಟು ಅಳಿಸುತ್ತಿದ್ದೇನೆ. ಮರೆತವರಿಗೆ ಅದು ಕರುಣೆ. ನೆನಪಿಟ್ಟುಕೊಂಡವಳ ಪಾಲಿಗೆ ಇಬ್ಬರ ಭಾರ.

ಮುಂದಿನ ವರ್ಷದ ಕ್ಯಾಲೆಂಡರಿನ ಕರಡು ಬಂದಾಗ ಚೆನ್ನಾಗಿ ನೋಡು. ಹೊಸಬಳು ಯಾರೋ ಬಂದಿದ್ದಾಳಂತೆ, ಅಂಕಿ ತಪ್ಪಬಹುದು. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೋ. ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ. ನಿನ್ನ ಒಂಬೈನೂರು ಮಕ್ಕಳೂ ಚೆನ್ನಾಗಿ ಓದಿಕೊಂಡು, 
ಹೇಳದೆ ಕೇಳದೆ ಸಿಕ್ಕ ಆ ಒಂದು ರಜೆಯನ್ನು ದೊಡ್ಡವರಾದಮೇಲೂ ನೆನಪಿಟ್ಟುಕೊಳ್ಳಲಿ. ನೀನು ನೂರು ಕಾಲ ಚೆನ್ನಾಗಿರು.

ಇಂತಿ,
ನಿನ್ನ
ಅಲ್ಪವಿರಾಮ

ತಾ.ಕ.: ಮೇಲಿನದನ್ನು ಮುಗಿಸಿ ಲಕೋಟೆಗೆ ಅಂಟು ಹಚ್ಚುವಾಗ ಅತ್ತಿಗೆ ಬಂದು ನಿಂತರು. ‘ಎಲ್ಲಾ ಬರೆದೆಯಾ?’ ಎಂದು ಕೇಳಿದರು. ಬರೆದೆ ಎಂದೆ. ‘ಅತ್ತೆಯದು?’ ಎಂದರು. ನಾನು ಅಂಟಿನ ಬಾಟಲಿಗೆ ಮುಚ್ಚಳ ಹಾಕಿದೆ. ‘ಅವಳನ್ನು ಕಾಪಾಡಿದ್ದು ಸಾಕಮ್ಮ. ಒಂದು ಸಲ ಅತ್ತೆಯ ಕಡೆಗೂ ನಿಲ್ಲು’ ಎಂದರು. ಆದ್ದರಿಂದ ಇಷ್ಟು.

ನಾನು ಹೋದಮೇಲೆ ಅಮ್ಮ ಮೂರು ದಿನ ಇರಲಿಲ್ಲ. ಕೈ ಹಿಡಿದುಕೊಳ್ಳಲಿಲ್ಲ, ಮಾತಾಡಲಿಲ್ಲ. ಅದು ಹಿಂತಿರುಗುವ ಬಸ್ಸಿನಲ್ಲಿ ಕೂತು ನಾನು ನಿನಗೋಸ್ಕರ ಕಟ್ಟಿದ ಕಥೆ.

ಆವತ್ತು ಸಂಜೆ ಆರಕ್ಕೆ ನಾವು ನಗುತ್ತಾ ಹಾಸ್ಟೆಲಿಗೆ ಬಂದೆವಲ್ಲ, ನೀನು ಕಾಲು ತೊಳೆಯಲು ನಲ್ಲಿಯ ಹತ್ತಿರ ಹೋದೆ. ವಾರ್ಡನ್ ನನ್ನನ್ನು ಪಕ್ಕಕ್ಕೆ ಕರೆದು ಇನ್ನೊಂದು ಚೀಟಿ ಕೊಟ್ಟರು. ನೀನು ಅಲ್ಲಿಂದಲೇ, ‘ಏನಂತೇ?’ ಎಂದು ಕೂಗಿದೆ. ‘ಲೈಬ್ರರಿ ಪುಸ್ತಕ ತಡವಾಗಿದೆಯಂತೆ’ ಎಂದೆ. ‘ಹಬ್ಬದ ದಿನ ಎಂಥಾ ಪುಸ್ತಕ’ ಎಂದು ನೀನು ನನ್ನ ಮೇಲೆ ನೀರು ಎರಚಿದೆ.

ಅಮ್ಮ ಹೋದದ್ದು ಅದೇ ಹತ್ತೊಂಬತ್ತು, ಮಧ್ಯಾಹ್ನ. ಚೀಟಿ ಕೈಗೆ ಬರುವಷ್ಟರಲ್ಲಿ ಊರಿನ ಕಡೆಯ ಬಸ್ಸು ಹೋಗಿಯಾಗಿತ್ತು. ಬೆಳಗಿನ ಬಸ್ಸಿಗೆ ಹೋಗಿದ್ದರೆ ಹನ್ನೊಂದಕ್ಕೆ ಮನೆಯಲ್ಲಿರುತ್ತಿದ್ದೆ. ಅತ್ತಿಗೆ ಪಕ್ಕದಲ್ಲಿದ್ದರು. ಅಮ್ಮ ಎರಡು ಸಲ ಕಣ್ಣು ಬಿಟ್ಟು, ‘ಬಸ್ಸು ಬಂತಾ?’ ಎಂದು ಕೇಳಿದಳಂತೆ.

ನಾವು ಬಸ್ಸಿನಲ್ಲೇ ಇದ್ದೆವು.

ಹೋಗದೆ ಉಳಿದವಳು ನಾನು. ನೀನು ‘ನಾಳೆ ಹೋಗು’ ಎಂದೆ, ಅಷ್ಟೆ. ಆ ಮಾತು ನಿನಗೆ ಒಂದು ದಿನವೂ ಚುಚ್ಚಬಾರದೆಂದು ಆ ದಿನವನ್ನು ಹಬ್ಬವಾಗಿಯೇ ಇಟ್ಟುಕೊಂಡೆ. ಇಬ್ಬರೂ ಕೂತು ನಗುತ್ತಿದ್ದರೆ ಮಾತ್ರ ಅದು ಹಬ್ಬ. ಒಬ್ಬಳೇ ಕೂತರೆ ಅದು ಏನೆಂದು ಕಡೆಯ ವರ್ಷಗಳಲ್ಲಿ ಗೊತ್ತಾಗಿದೆ.

ವಾರ್ಡನ್ ಸಂಜೆ ಕೊಟ್ಟ ಆ ಚೀಟಿ ಇದರೊಳಗಿದೆ. ಮಡಿಕೆಯಲ್ಲಿ ಹರಿದಿದೆ, ಮೆಲ್ಲಗೆ ಬಿಡಿಸು. ಈ ಸಲ ಸಹಿ ಬೇಕಿಲ್ಲ. ಓದಿದರೆ ಸಾಕು.